ಸಕ್ಕರೆಯ ಪರವಾಗಿ ಬರೆಸಿದ ಸಾಕ್ಷಿ

ಮಕ್ಕಳೇ, ಪಂದ್ಯದಲ್ಲಿ ಆಡುವ ತಂಡವೇ ಅಂಪೈರ್‌ಗೆ ದುಡ್ಡು ಕೊಟ್ಟರೆ ತೀರ್ಪು ಹೇಗಿದ್ದೀತು? ಅಮೆರಿಕದಲ್ಲಿ ಸಕ್ಕರೆಯ ವಿಷಯದಲ್ಲಿ ಹೆಚ್ಚುಕಡಿಮೆ ಹಾಗೆಯೇ ಆಯಿತು. ಅದು ಬಯಲಾಗಲು ಸುಮಾರು 50 ವರ್ಷ ಬೇಕಾಯಿತು.

1960ರ ದಶಕದಲ್ಲಿ ಅಲ್ಲಿ ಹೃದಯದ ಕಾಯಿಲೆ ದೊಡ್ಡ ಚಿಂತೆಯಾಗಿತ್ತು. ಬೆಣ್ಣೆ, ಮಾಂಸದ ಕೊಬ್ಬೇ ಮುಖ್ಯ ಕಾರಣ ಎಂದವರು ವಿಜ್ಞಾನಿ ಆನ್ಸೆಲ್ ಕೀಸ್. ಸಕ್ಕರೆಯ ಮೇಲೂ ಕಣ್ಣಿಡಿ ಎಂದವರು ಲಂಡನ್ನಿನ ಜಾನ್ ಯಡ್ಕಿನ್.

ಸಕ್ಕರೆ ಉದ್ಯಮದವರು ಸುಮ್ಮನಿರಲಿಲ್ಲ. ಅವರ 'ಷುಗರ್ ರಿಸರ್ಚ್ ಫೌಂಡೇಶನ್' 1965ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ವಿಜ್ಞಾನಿಗಳಿಗೆ ಸುಮಾರು 6,500 ಡಾಲರ್ ಗೊತ್ತುಮಾಡಿ, ಅದುವರೆಗಿನ ಸಂಶೋಧನೆಗಳನ್ನು ತೂಗಿನೋಡುವ ಲೇಖನ ಬರೆಸಿತು. ಕರಡನ್ನು ಮೊದಲೇ ತರಿಸಿಕೊಂಡು ಓದಿತು. 1967ರಲ್ಲಿ ಹೆಸರಾಂತ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಲೇಖನ ಬಂತು. ಸಕ್ಕರೆಯ ಮೇಲಿನ ಆರೋಪ ಅದರಲ್ಲಿ ಹಗುರವಾಯಿತು, ಬೆರಳು ಕೊಬ್ಬಿನತ್ತ ತಿರುಗಿತು. ದುಡ್ಡು ಕೊಟ್ಟ ಸಕ್ಕರೆಯವರ ಹೆಸರು ಮಾತ್ರ ಎಲ್ಲೂ ಇರಲಿಲ್ಲ. ಹೆಸರು ಹೇಳಲೇಬೇಕೆಂಬ ನಿಯಮ ಆಗ ಆ ಪತ್ರಿಕೆಯಲ್ಲಿ ಇರಲಿಲ್ಲ.

ಉಂಡ ಮನೆಗೆ ಎರಡು ಬಗೆಯಬಾರದು ಎಂದು ಅಜ್ಜಿಯರು ಹೇಳುತ್ತಾರೆ. ನೆಂಟರ ಮನೆಯಲ್ಲಿ ಅದು ಒಳ್ಳೆಯ ಮಾತು. ಆದರೆ ನಿಜ ಹೇಳಬೇಕಾದ ವಿಜ್ಞಾನಿಗೆ ಅನ್ನದ ಋಣ ತೊಡಕಾಗುತ್ತದೆ. ಆ ಲೇಖಕರಲ್ಲಿ ಒಬ್ಬರಾದ ಮಾರ್ಕ್ ಹೆಗ್‌ಸ್ಟೆಡ್ ಮುಂದೆ ಅಮೆರಿಕದ ಕೃಷಿ ಇಲಾಖೆಯಲ್ಲಿ ಪೌಷ್ಟಿಕಾಂಶ ವಿಭಾಗದ ಮುಖ್ಯಸ್ಥರಾದರು. ಜನ ಏನು ತಿನ್ನಬೇಕು ಎಂಬ ಸಲಹೆ ಹೊರಡುವುದು ಅಂಥ ಕಚೇರಿಗಳಿಂದಲೇ.

ಹಲ್ಲಿನ ವೈದ್ಯೆಯಾಗಿದ್ದ ಕ್ರಿಸ್ಟಿನ್ ಕರ್ನ್ಸ್ ಗ್ರಂಥಾಲಯಗಳಲ್ಲಿ ಹಳೆಯ ಪತ್ರಗಳನ್ನು ಹುಡುಕಿ, ಸಂಗಡಿಗರೊಂದಿಗೆ 2016ರಲ್ಲಿ ಈ ಕಥೆಯನ್ನು ಹೊರಗೆ ತಂದರು. ಹಾಗೆಂದು ಕೊಬ್ಬು ನಿರಪರಾಧಿಯೇನಲ್ಲ. ಅತಿಯಾದರೆ ಎರಡೂ ಕೆಟ್ಟವೇ.

ಒತ್ತಡ ಅಲ್ಲಿಗೇ ನಿಲ್ಲಲಿಲ್ಲ. 2003ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ವರದಿಯೊಂದು, ದಿನದ ಶಕ್ತಿಯಲ್ಲಿ ಸೇರಿಸಿದ ಸಕ್ಕರೆಯಂಥವುಗಳ ಪಾಲು ಶೇ. 10ಕ್ಕಿಂತ ಕಡಿಮೆ ಇರಲಿ ಎಂದಿತು. ಸಂಸ್ಥೆಗೆ ಅಮೆರಿಕ ಕೊಡುವ ಹಣಕ್ಕೇ ಕತ್ತರಿ ಹಾಕಿಸುತ್ತೇವೆ ಎಂದು ಅಲ್ಲಿನ ಸಕ್ಕರೆ ಸಂಘ ಬೆದರಿಸಿತು. ವರದಿ ಹೊರಬಂದೇ ಬಂತು. 2015ರಲ್ಲಿ ಸಂಸ್ಥೆ ಅದೇ ಮಾತನ್ನು ಮತ್ತೆ ಹೇಳಿ, ಶೇ. 5ಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು ಎಂದಿತು. ದೊಡ್ಡವರಿಗೆ ಅದು ದಿನಕ್ಕೆ ಸುಮಾರು 25 ಗ್ರಾಂ, ಅಂದರೆ 6 ಟೀ ಚಮಚ.

ನಮ್ಮಲ್ಲೂ 2025ರಲ್ಲಿ ಸಿಬಿಎಸ್‌ಇ ತನ್ನ ಶಾಲೆಗಳಿಗೆ 'ಷುಗರ್ ಬೋರ್ಡ್' ಹಾಕಲು ಹೇಳಿದೆ. ಮನೆಯಲ್ಲೂ ಒಂದು ಬೋರ್ಡ್ ಮಾಡಬಹುದು. ಬಿಸ್ಕತ್ತು, ತಂಪು ಪಾನೀಯದ ಪೊಟ್ಟಣ, ಬಾಟಲಿಗಳ ಮೇಲೆ 'ಷುಗರ್ಸ್' ಎಂಬ ಸಾಲು ಹುಡುಕಿ. ಲೆಕ್ಕ 100 ಗ್ರಾಂಗೋ ಇಡೀ ಪೊಟ್ಟಣಕ್ಕೋ ನೋಡಿಕೊಳ್ಳಿ. ಗ್ರಾಂಗಳನ್ನು 4ರಿಂದ ಭಾಗಿಸಿದರೆ ಚಮಚದ ಲೆಕ್ಕ ಸಿಗುತ್ತದೆ. ಅಕ್ಷರ ಬಹಳ ಸಣ್ಣದು. ಅಜ್ಜನ ಕನ್ನಡಕಕ್ಕೂ ಕಾಣದು. ಮೊಮ್ಮಕ್ಕಳು ಓದಿ ಹೇಳಲಿ, ಅಜ್ಜ ಬರೆದಿಡಲಿ.