ಗಾಲಿಯ ಮೇಲೊಂದು ಕೋಣೆ

ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ಬಿ.ಎಚ್. ರಸ್ತೆಯಲ್ಲಿ, ಮಾಚೇನಹಳ್ಳಿಯ ಬಳಿ ಹತ್ತು ನಿಮಿಷ ನಿಂತು ನೋಡಿ. ಡೇರಿಗೆ ಬರುವ ಹಾಲಿನ ಟ್ಯಾಂಕರುಗಳು, ಕೈಗಾರಿಕಾ ಪ್ರದೇಶದಿಂದ ಹೊರಬೀಳುವ ಲಾರಿಗಳು, ಸುಗ್ಗಿಯ ಕಾಲದಲ್ಲಾದರೆ ಭತ್ತದ ಹುಲ್ಲನ್ನು ಬೆಟ್ಟದಂತೆ ಹೇರಿಕೊಂಡು ತೂಗಾಡುತ್ತ ಸಾಗುವ ಟ್ರ್ಯಾಕ್ಟರ್ ಟ್ರೈಲರುಗಳು. ಹಿಂದುಗಡೆ ಭಾರ ಹೆಚ್ಚಾದ ಟ್ರೈಲರ್ ಹೇಗೆ ಬಾಲ ಅಲ್ಲಾಡಿಸುತ್ತದೆ ಎಂಬುದು ಅದರ ಹಿಂದೆ ಸೈಕಲ್ಲಿನಲ್ಲಿ ಬರುವ ಶಾಲಾ ಹುಡುಗನಿಗೂ ಗೊತ್ತು.

ಅಂಥದೇ ಒಂದು ಪುಟ್ಟ ಟ್ರೈಲರಿನ ಮೇಲೆ ಕೋಣೆಯೊಂದನ್ನು ಕಟ್ಟಿ, ಕಾರಿನ ಹಿಂದೆ ಸಿಕ್ಕಿಸಿ, ಅಪ್ಪ ಅಮ್ಮ ಮಕ್ಕಳು ಕೂಡಿ ಜೋಗಕ್ಕೋ ಆಗುಂಬೆಗೋ ಹೊರಟರೆ ಹೇಗೆ? ಸಿನಿಮಾ ನಟರ ಕ್ಯಾರವಾನ್ ಕಂಡವರಿಗೆಲ್ಲ ಒಮ್ಮೆಯಾದರೂ ಈ ಆಸೆ ಮೂಡಿರುತ್ತದೆ. ಕಬ್ಬಿಣದ ಚೌಕಟ್ಟನ್ನು ವೆಲ್ಡರ್ ಮಾಡಿಕೊಡುತ್ತಾನೆ, ಹಲಗೆಯನ್ನು ಬಡಗಿ ಹೊಡೆದುಕೊಡುತ್ತಾನೆ. ನಿಜವಾದ ಪರೀಕ್ಷೆ ಇರುವುದು ಒಳಗೆ. ಮನೆಯ ಒಳಗೆಲಸ ತಪ್ಪಿದರೆ ಅಂದ ಕೆಟ್ಟೀತು, ಅಷ್ಟೇ. ಗಾಲಿಯ ಮೇಲಿನ ಕೋಣೆಯಲ್ಲಿ ತಪ್ಪಿದರೆ ಜೀವಕ್ಕೇ ಕುತ್ತು. ಆ ತಪ್ಪನ್ನು ತಪ್ಪಿಸಲು ಬೇಕಾದ ವಿಜ್ಞಾನವಾದರೋ ಹೈಸ್ಕೂಲಿನ ಪಠ್ಯಪುಸ್ತಕದಲ್ಲೇ ಇದೆ!

ಕಮಾನು ಗಾಡಿಯ ಪಾಠ

ಗಾಲಿಯ ಮೇಲಿನ ಕೋಣೆ ನಮಗೆ ಹೊಸದೇನಲ್ಲ. ನಮ್ಮ ಅಜ್ಜಂದಿರ ಕಮಾನು ಗಾಡಿ ಮತ್ತೇನು? ಬಿದಿರಿನ ಕಮಾನು, ಮೇಲೆ ಚಾಪೆ, ಕೆಳಗೆ ಮೆತ್ತಗೆ ಹುಲ್ಲು, ಅಚ್ಚಿನಡಿಯಲ್ಲಿ ತೂಗುವ ಲಾಟೀನು. ಎತ್ತಿನ ಮೇವೇ ಪ್ರಯಾಣಿಕರ ಹಾಸಿಗೆ! ಒಂದೇ ವಸ್ತು ಎರಡು ಕೆಲಸ ಮಾಡಬೇಕೆಂಬ ಚಿಕ್ಕ ಕೋಣೆಯ ಮೊದಲ ನಿಯಮ ಅಲ್ಲೇ ಇತ್ತು.

ಇಂಗ್ಲೆಂಡಿನಲ್ಲಿ 1885ರಲ್ಲಿ ಗಾರ್ಡನ್ ಸ್ಟೇಬಲ್ಸ್ ಎಂಬ ವೈದ್ಯ-ಲೇಖಕ ‘ವಾಂಡರರ್’ ಎಂಬ ಗಾಡಿಮನೆಯನ್ನು ಮಾಡಿಸಿಕೊಂಡು, ಎರಡು ಕುದುರೆ ಕಟ್ಟಿ ಸ್ಕಾಟ್ಲೆಂಡಿನವರೆಗೆ ಸುತ್ತಾಡಿದ. ಕೇವಲ ವಿಹಾರಕ್ಕೆಂದೇ ತಯಾರಾದ ಮೊದಲ ಕ್ಯಾರವಾನ್ ಅದು ಎನ್ನುತ್ತಾರೆ. ನಮ್ಮಲ್ಲೇ ನೋಡಬೇಕೆಂದರೆ ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಅಲ್ಲಿರುವ 1899ರ ಮಹಾರಾಣಿ ಸಲೂನಿನಲ್ಲಿ ಅಡಿಗೆ, ಊಟ, ಶೌಚ ಎಲ್ಲಕ್ಕೂ ಹಳಿಯ ಮೇಲೆಯೇ ಜಾಗ. ಆದರೆ ರೈಲಿಗೆ ತೂಕದ ಚಿಂತೆ ಕಡಿಮೆ, ಎಳೆಯಲು ಎಂಜಿನ್ ಇತ್ತು. ಸಾಮಾನ್ಯ ಕುಟುಂಬದ ಕಾರು ಎಳೆಯಬಲ್ಲ, ಮನೆಯಲ್ಲೇ ಕಟ್ಟಬಲ್ಲ ಟ್ರೈಲರ್ ಬಂದದ್ದು ಅಮೆರಿಕದಲ್ಲಿ, 1930ರ ದಶಕದಲ್ಲಿ. ನೀರಿನ ಹನಿಯ ಆಕಾರದ್ದಾದ್ದರಿಂದ ಅದಕ್ಕೆ ‘ಟಿಯರ್‌ಡ್ರಾಪ್’ ಎಂದೇ ಹೆಸರು. ಎರಡನೇ ಮಹಾಯುದ್ಧ ಮುಗಿದ ಮೇಲೆ, 1947ರಲ್ಲಿ, ‘ಪಾಪ್ಯುಲರ್ ಮೆಕ್ಯಾನಿಕ್ಸ್’ ಪತ್ರಿಕೆ ಅದರ ನಕ್ಷೆಯನ್ನೇ ಅಚ್ಚು ಹಾಕಿತು. ಇಬ್ಬರು ಮಲಗುವಷ್ಟು ಹಾಸಿಗೆ, ಹಿಂದಿನ ಮುಚ್ಚಳ ಎತ್ತಿದರೆ ಅಡಿಗೆಮನೆ. ಅಷ್ಟೇ!

ಮುಂಭಾರ, ಹಿಂಭಾರ

ಎಂಟು ಅಡಿ ಉದ್ದ, ಐದು ಅಡಿ ಅಗಲ, ನಾಲ್ಕು ಅಡಿ ಎತ್ತರದ ಒಂದು ಪೆಟ್ಟಿಗೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಎಂಟು ನಾಲ್ಕರ 12 ಮಿ.ಮೀ. ಪ್ಲೈವುಡ್ ಹಾಳೆಯೊಂದು ಸುಮಾರು 22 ಕೆ.ಜಿ. ತೂಗುತ್ತದೆ. ನೆಲಕ್ಕೆ ಅದು ಬೇಕೇ ಬೇಕು. ಆದರೆ ಗೋಡೆ ಮತ್ತು ಮಾಡಿಗೂ ಅದನ್ನೇ ಹೊಡೆದರೆ ಹತ್ತಿರ ಹತ್ತಿರ 100 ಕೆ.ಜಿ. ಅಲ್ಲಿ 6 ಮಿ.ಮೀ. ಹಾಳೆ ಹಾಕಿ ಒಳಗೆ ಪಟ್ಟಿ ಕೊಟ್ಟರೆ ಸುಮಾರು 50 ಕೆ.ಜಿ. ಉಳಿತಾಯ. ಒಬ್ಬ ಆಳಿನ ತೂಕವೇ ಇಳಿದಂತೆ!

ಒಟ್ಟು ತೂಕಕ್ಕಿಂತ ಮುಖ್ಯವಾದದ್ದು ತೂಕ ಎಲ್ಲಿ ಕುಳಿತಿದೆ ಎಂಬುದು. ಎತ್ತಿನಗಾಡಿ ಹೊಡೆಯುವವರು ಇದನ್ನು ಮುಂಭಾರ, ಹಿಂಭಾರ ಎಂದು ಅಳೆಯುತ್ತಿದ್ದರು. ಹಿಂಭಾರವಾದರೆ ಮೂಕಿ ಮೇಲೇಳುತ್ತದೆ, ಎತ್ತಿನ ಕೊರಳು ಬಿಗಿಯುತ್ತದೆ. ಮುಂಭಾರವಾದರೆ ಹೆಗಲು ಕುಸಿಯುತ್ತದೆ. ಹದ ನೋಡಿ ಮೂಟೆ ಸರಿಸಿ ಕೂರಿಸುವುದೇ ಜಾಣತನ. ಕಾರು ಎಳೆಯುವ ಟ್ರೈಲರಿಗೂ ಇದೇ ನ್ಯಾಯ. ಒಟ್ಟು ತೂಕದ ಹತ್ತನೇ ಒಂದು ಪಾಲು, ಅಥವಾ ತುಸು ಹೆಚ್ಚು, ಮೂಕಿಯ ಮೇಲೆ ಬೀಳಬೇಕು. ಕಡಿಮೆಯಾದರೆ ವೇಗ ಏರಿದಂತೆ ಟ್ರೈಲರ್ ಅಕ್ಕಪಕ್ಕ ಹೊಯ್ದಾಡಲು ತೊಡಗಿ, ಕೊನೆಗೆ ಕಾರನ್ನೇ ತಿರುವಿ ಹಾಕೀತು.

ಲೆಕ್ಕ ಮಾಡಿ ನೋಡಿ. ಖಾಲಿ ಟ್ರೈಲರ್ 400 ಕೆ.ಜಿ., ಮೂಕಿಯ ಮೇಲೆ 40 ಕೆ.ಜಿ. ಅಚ್ಚಿನಿಂದ ಕೊಂಡಿಗೆ ಎರಡು ಮೀಟರ್. ಈಗ ಹಿಂದುಗಡೆ, ಅಚ್ಚಿನಿಂದ ಒಂದು ಮೀಟರ್ ಆಚೆ, ಒಲೆ, ಪಾತ್ರೆ, ದಿನಸಿ, 20 ಲೀಟರ್ ನೀರು ಎಲ್ಲ ಸೇರಿ 60 ಕೆ.ಜಿ. ಇಟ್ಟಿರಿ ಎನ್ನಿ. ಸನ್ನೆಕೋಲಿನ ನಿಯಮದಂತೆ ಮೂಕಿಯಿಂದ 30 ಕೆ.ಜಿ. ಕಳೆಯಿತು. ಉಳಿದದ್ದು ಹತ್ತೇ! ಹೊರಗಿನಿಂದ ನೋಡಿದರೆ ಟ್ರೈಲರ್ ಅಂದವಾಗಿಯೇ ಇದೆ, ಅಪಾಯ ಒಳಗೆ ಕೂತಿದೆ. ಈಗ ನೀರಿನ ಕ್ಯಾನನ್ನು ಅಚ್ಚಿನಿಂದ ಒಂದು ಮೀಟರ್ ಮುಂದಕ್ಕೆ ತನ್ನಿ. 30 ಕೆ.ಜಿ. ಬ್ಯಾಟರಿಯನ್ನೂ ಅದರ ಪಕ್ಕಕ್ಕೇ ಕೂರಿಸಿ. ಮೂಕಿಯ ಭಾರ 45ಕ್ಕೆ ಏರುತ್ತದೆ. 490 ಕೆ.ಜಿ. ಗಾಡಿಗೆ ಅದು ಹತ್ತರಲ್ಲೊಂದು ಪಾಲಿನ ಹತ್ತಿರ ಬಂತು, ಇನ್ನು ಹಾಸಿಗೆ ಬಟ್ಟೆಯ ಗಂಟನ್ನು ಮುಂದೆ ಸರಿಸಿದರೆ ಸರಿಹೋದೀತು. ಆದ್ದರಿಂದ ಕಪಾಟುಗಳನ್ನು ಹೊಡೆಯುವ ಮೊದಲೇ ಯಾವ ಸಾಮಾನು ಎಲ್ಲಿ ಎಂದು ಕಾಗದದ ಮೇಲೆ ತೀರ್ಮಾನವಾಗಬೇಕು.

ಮರ ಮತ್ತು ಅಂಟು

ಮಳೆಗಾಲದಲ್ಲಿ ಮಲೆನಾಡಿನ ಮನೆಗಳ ಬಾಗಿಲು ಬಿಗಿಯಾಗುವುದನ್ನು ಎಲ್ಲರೂ ಕಂಡಿದ್ದಾರೆ. ತೇವ ಕುಡಿದ ಮರ ತನ್ನ ನಾರಿಗೆ ಅಡ್ಡಲಾಗಿ ಹಿಗ್ಗುತ್ತದೆ. ಪ್ಲೈವುಡ್ಡಿನಲ್ಲಿ ಒಂದು ಪದರದ ನಾರು ಉದ್ದಕ್ಕಿದ್ದರೆ ಮುಂದಿನದು ಅಡ್ಡಕ್ಕೆ. ಒಂದನ್ನೊಂದು ಹಿಡಿದುಕೊಳ್ಳುವುದರಿಂದ ಹಿಗ್ಗುವಿಕೆ ಕಡಿಮೆ. ಆದರೆ ಕೊಯ್ದ ಅಂಚಿನಿಂದ ನೀರು ಒಳನುಗ್ಗುತ್ತದೆ. ಅದಕ್ಕೇ ಜಾಣ ಬಡಗಿ ಮುಖಕ್ಕಿಂತ ಮೊದಲು ಅಂಚಿಗೆ ಬಣ್ಣ ಬಳಿಯುತ್ತಾನೆ. ರಸ್ತೆಯ ಅದುರಾಟಕ್ಕೆ ಮೊಳೆ ಸಡಿಲಗೊಳ್ಳುತ್ತದೆ. ಆದ್ದರಿಂದ ಅಂಟು ಮತ್ತು ಸ್ಕ್ರೂ ಜೊತೆಗಿರಲಿ. ಪ್ರತಿ ಕಪಾಟಿಗೂ ಚಿಲಕ ಇರಲಿ, ಇಲ್ಲವಾದರೆ ಮೊದಲ ಹಂಪಿಗೇ ಬೇಳೆಯ ಡಬ್ಬ ಹಾಸಿಗೆಯ ಮೇಲೆ!

ಅಂಟಿನ ವಿಷಯದಲ್ಲಿ ಒಂದು ಕಹಿ ನೆನಪಿದೆ. ಅಮೆರಿಕದಲ್ಲಿ 2005ರ ಕತ್ರಿನಾ ಚಂಡಮಾರುತದಲ್ಲಿ ಮನೆ ಕಳೆದುಕೊಂಡವರಿಗೆ ಸರ್ಕಾರ ಟ್ರೈಲರ್ ಮನೆಗಳನ್ನು ಕೊಟ್ಟಿತು. ಕೆಲ ಕಾಲದಲ್ಲೇ ಕಣ್ಣುರಿ, ಕೆಮ್ಮು, ಉಸಿರಾಟದ ತೊಂದರೆ ಎಂದು ದೂರುಗಳು ಬಂದವು. 2007-08ರಲ್ಲಿ 519 ಟ್ರೈಲರುಗಳ ಗಾಳಿಯನ್ನು ಪರೀಕ್ಷಿಸಿದಾಗ ಫಾರ್ಮಾಲ್ಡಿಹೈಡ್ ಅನಿಲ ಸರಾಸರಿ ನೂರು ಕೋಟಿ ಭಾಗಕ್ಕೆ 77 ಭಾಗವಿತ್ತು. ಸಾಧಾರಣ ಮನೆಗಳಲ್ಲಿರುವುದಕ್ಕಿಂತ ಇದು ಹಲವು ಪಟ್ಟು. ಒತ್ತುಹಲಗೆಗಳ ಅಂಟಿನಿಂದ ಹೊರಬೀಳುವ ಈ ಅನಿಲ ಸೆಕೆ ಮತ್ತು ತೇವ ಹೆಚ್ಚಿದಷ್ಟೂ ಹೆಚ್ಚು ಹೊಮ್ಮುತ್ತದೆ. ದೊಡ್ಡ ಮನೆಯಲ್ಲಿ ಚದುರಿ ಹೋಗುವ ವಿಷ ಪುಟ್ಟ ಪೆಟ್ಟಿಗೆಯಲ್ಲಿ ಮಡುಗಟ್ಟುತ್ತದೆ. ಆದ್ದರಿಂದ ಅಗ್ಗದ ಪಾರ್ಟಿಕಲ್ ಬೋರ್ಡ್ ಬೇಡ. ಐ.ಎಸ್. 710 ಗುರುತಿನ ಮೆರೈನ್ ಪ್ಲೈವುಡ್ ತುಸು ದುಬಾರಿಯಾದರೂ ಅದರ ಫಿನಾಲ್ ಅಂಟು ಇಂಥ ಅನಿಲವನ್ನು ಕಡಿಮೆ ಬಿಡುತ್ತದೆ. 72 ಗಂಟೆ ಕುದಿನೀರಿನಲ್ಲಿಟ್ಟರೂ ಪದರ ಬಿಡಬಾರದೆಂಬುದು ಅದಕ್ಕಿರುವ ಪರೀಕ್ಷೆ. ಬಣ್ಣ ಬಳಿದ ಮೇಲೆ ಕೆಲವು ವಾರ ಬಾಗಿಲು ತೆರೆದಿಟ್ಟು, ವಾಸನೆ ಪೂರ್ತಿ ಹೋದ ಮೇಲೆಯೇ ಮಕ್ಕಳನ್ನು ಒಳಗೆ ಮಲಗಿಸಬೇಕು.

ಉಸಿರು, ಬೆವರು, ಬೆಂಕಿ

ನಮ್ಮ ಪೆಟ್ಟಿಗೆಯ ಗಾತ್ರ ಸುಮಾರು 4500 ಲೀಟರ್. ಜನ, ಹಾಸಿಗೆ ಕಳೆದರೆ ಗಾಳಿ ಸುಮಾರು 4000 ಲೀಟರ್. ಮಲಗಿರುವ ಇಬ್ಬರು ಗಂಟೆಗೆ ಸುಮಾರು 25 ಲೀಟರ್ ಇಂಗಾಲದ ಡೈ ಆಕ್ಸೈಡ್ ಹೊರಬಿಡುತ್ತಾರೆ. ಮಳೆನೀರು ಬಾರದಿರಲೆಂದು ಎಲ್ಲ ಸಂದುಗಳನ್ನೂ ಮುಚ್ಚಿಬಿಟ್ಟರೆ ನಾಲ್ಕು ಗಂಟೆಯಲ್ಲಿ ಅದು ಶೇಕಡಾ ಎರಡೂವರೆ, ಅಂದರೆ ಹೊರಗಿನ ಗಾಳಿಯ ಸುಮಾರು 60 ಪಟ್ಟು! ತಲೆನೋವು, ಏದುಸಿರಿನಿಂದ ಎಚ್ಚರವಾದರೆ ಅದೃಷ್ಟ. ಆದ್ದರಿಂದ ಕೆಳಗೊಂದು, ಮೇಲೊಂದು ಗಾಳಿಕಿಂಡಿ ಬೇಕು, ಅವನ್ನು ಯಾರೂ ಮುಚ್ಚಲಾಗದಂತಿರಬೇಕು. ಬಿಸಿಗಾಳಿ ಮೇಲೆ ಹೋಗುತ್ತದೆ, ತಂಪು ಗಾಳಿ ಕೆಳಗಿನಿಂದ ಬರುತ್ತದೆ.

ಅದೇ ಇಬ್ಬರು ಎಂಟು ಗಂಟೆಯಲ್ಲಿ ಉಸಿರು ಮತ್ತು ಚರ್ಮದ ಮೂಲಕ ಅರ್ಧ ಲೀಟರಿಗೂ ಹೆಚ್ಚು ನೀರನ್ನು ಗಾಳಿಗೆ ಸೇರಿಸುತ್ತಾರೆ. ಬೆಳಗಿನ ಜಾವ ತಗಡಿನ ಮಾಡು ತಣ್ಣಗಾದೊಡನೆ ಅದೇ ನೀರು ಹನಿಹನಿಯಾಗಿ ಮುಖದ ಮೇಲೆ ಬೀಳುತ್ತದೆ. ಇದಕ್ಕೆ ಉಪಾಯ ಮಾಚೇನಹಳ್ಳಿಯ ಡೇರಿಗೆ ಬರುವ ಟ್ಯಾಂಕರಿನಲ್ಲೇ ಇದೆ. ತಣ್ಣಗಿನ ಹಾಲು ಬಿಸಿಲಲ್ಲಿ ಬೆಚ್ಚಗಾಗದಿರಲು ಅದಕ್ಕೆ ಎರಡು ಗೋಡೆ, ನಡುವೆ ಶಾಖ ಹಾಯದ ವಸ್ತು. ಟ್ರೈಲರಿನ ಮಾಡಿಗೂ ತಗಡು, ಥರ್ಮಾಕೋಲ್, ಪ್ಲೈವುಡ್ ಎಂದು ಮೂರು ಪದರ ಕೊಟ್ಟರೆ ಒಳಮೈ ಅಷ್ಟು ತಣ್ಣಗಾಗದು, ಹನಿ ಕಟ್ಟದು. ಆದರೆ ಥರ್ಮಾಕೋಲ್ ಬೆಂಕಿಗೆ ಬೇಗ ಹತ್ತಿಕೊಳ್ಳುವುದರಿಂದ ಅದು ತೆರೆದಿರಬಾರದು, ಒಲೆಯ ಬಳಿ ಇರಲೇಬಾರದು.

ಒಲೆ ಒಳಗೆ ಬೇಡವೇ ಬೇಡ. ಹಿಂದಿನ ಮುಚ್ಚಳದ ಕೆಳಗೆ, ಬಯಲಿಗೆ ತೆರೆದಂತೆ ಅಡಿಗೆ ನಡೆಯಲಿ. ಅಡಿಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲದಲ್ಲಿ ಹರಡಿ ಮಲಗುತ್ತದೆ. ಚಳಿಯೆಂದು ಅಗ್ಗಿಷ್ಟಿಕೆಯನ್ನು ಒಳಗಿಟ್ಟು ಬಾಗಿಲು ಹಾಕಿದರಂತೂ ಮುಗಿಯಿತು. ಇದ್ದಿಲು ಅರೆಬರೆ ಉರಿದಾಗ ಹುಟ್ಟುವ ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. ಮಲಗಿದವರು ಏಳುವುದಿಲ್ಲ. ಕಂಬಳಿಯೇ ಸಾಕು. ಏನೇ ಆದರೂ ಹೊರಗೆ ಹಾರಲು ಬಾಗಿಲಲ್ಲದೆ ಇನ್ನೊಂದು ದೊಡ್ಡ ಕಿಟಕಿಯೂ ಇರಲಿ.

ಹನ್ನೆರಡು ವೋಲ್ಟಿನ ಮನೆ

100 ಆಂಪಿಯರ್-ಅವರ್‌ನ 12 ವೋಲ್ಟ್ ಬ್ಯಾಟರಿಯಲ್ಲಿ 1200 ವ್ಯಾಟ್-ಅವರ್ ಶಕ್ತಿಯಿದ್ದರೂ ಸೀಸದ ಬ್ಯಾಟರಿಯಾದರೆ ಅರ್ಧದಷ್ಟನ್ನೇ ಬಳಸುವುದು ಕ್ಷೇಮ. ಐದು ವ್ಯಾಟಿನ ಎರಡು ಎಲ್.ಇ.ಡಿ. ದೀಪ ನಾಲ್ಕು ಗಂಟೆ, 15 ವ್ಯಾಟಿನ ಫ್ಯಾನು ಎಂಟು ಗಂಟೆ, ಎರಡು ಮೊಬೈಲು ಎಲ್ಲ ಸೇರಿ ರಾತ್ರಿಗೆ 190 ವ್ಯಾಟ್-ಅವರ್. ಮೂರು ರಾತ್ರಿಗೆ ಧಾರಾಳ. ಆದರೆ ಎಚ್ಚರ! 12 ವೋಲ್ಟಾದ್ದರಿಂದ ಶಾಕ್ ಹೊಡೆಯದು, ನಿಜ. 60 ವ್ಯಾಟಿನ ಉಪಕರಣ ಮನೆಯಲ್ಲಿ ಎಳೆಯುವುದು ಕಾಲು ಆಂಪಿಯರ್, ಇಲ್ಲಿ 5 ಆಂಪಿಯರ್. ತಂತಿಯ ಬಿಸಿ ವಿದ್ಯುತ್ಪ್ರವಾಹದ ವರ್ಗಕ್ಕೆ ಅನುಗುಣ. ಅದೇ ತಂತಿಯಲ್ಲಿ ಬಿಸಿ 350 ಪಟ್ಟಿಗೂ ಹೆಚ್ಚು! ಮರದ ಗೋಡೆಯೊಳಗೆ ಸಣ್ಣ ತಂತಿ ಎಳೆದವರು ಇದನ್ನು ಮರೆಯಬಾರದು. ದಪ್ಪ ತಂತಿ, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸು, ಎರಡೂ ಬೇಕು.

ಕಾನೂನಿನ ಮಾತು

1988ರ ಮೋಟಾರು ವಾಹನ ಕಾಯಿದೆ ಟ್ರೈಲರನ್ನೂ ಮೋಟಾರು ವಾಹನವೆಂದೇ ಎಣಿಸುತ್ತದೆ. ಆದ್ದರಿಂದ ನೋಂದಣಿಯಿಲ್ಲದೆ ರಸ್ತೆಗಿಳಿಯುವಂತಿಲ್ಲ. ಕಬ್ಬಿಣ ಕೊಳ್ಳುವ ಮೊದಲೇ ನಕ್ಷೆ ಹಿಡಿದು ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸುವುದು ಒಳ್ಳೆಯದು. ಓಡುವಾಗ ಟ್ರೈಲರಿನೊಳಗೆ ಯಾರೂ, ಮಕ್ಕಳಂತೂ, ಕೂರಲೇಬಾರದು.

ರಜೆಯಲ್ಲಿ ಮಾಡಿ ನೋಡಿ

ನಿಜವಾದ ಟ್ರೈಲರ್ ಎಲ್ಲರ ಕೈಗೆಟುಕದು. ಆದರೆ ಅದರ ವಿಜ್ಞಾನಕ್ಕೆ ಹಣ ಬೇಕಿಲ್ಲ. 24 ಸೆ.ಮೀ. ಉದ್ದ, 15 ಅಗಲ, 12 ಎತ್ತರದ ರಟ್ಟಿನ ಪೆಟ್ಟಿಗೆ ಮಾಡಿ, ಕೆಳಗೆ ಆಟಿಕೆಯ ಗಾಲಿ ಜೋಡಿಸಿ. ಅಚ್ಚಿನಿಂದ 20 ಸೆ.ಮೀ. ಮುಂದೆ ಕಡ್ಡಿಯ ಮೂಕಿ ಬರಲಿ. ಅಳತೆ ಹತ್ತನೇ ಒಂದಾದ್ದರಿಂದ ತೂಕ ಸಾವಿರದಲ್ಲಿ ಒಂದು. 60 ಕೆ.ಜಿ. ಸಾಮಾನಿಗೆ 60 ಗ್ರಾಂ ನಾಣ್ಯ ಸಾಕು. ಮೂಕಿಯನ್ನು ಅಡಿಗೆಮನೆಯ ತಕ್ಕಡಿಯ ಮೇಲಿಟ್ಟು, ನಾಣ್ಯಗಳನ್ನು ಹಿಂದೆ ಮುಂದೆ ಸರಿಸಿ ಅಂಕಿ ಬರೆದುಕೊಳ್ಳಿ. ಬಳಿಕ ಮೂಕಿಯನ್ನು ಆಟಿಕೆಯ ಕಾರಿನ ಹಿಂದೆ ತಿರುಗುವಂತೆ ಸಿಕ್ಕಿಸಿ ಜೋರಾಗಿ ಎಳೆಯಿರಿ. ಹಿಂಭಾರದ ಗಾಡಿ ಎಲ್ಲಿ ಬಾಲ ಅಲ್ಲಾಡಿಸುತ್ತದೆಂದು ಗಮನಿಸಿ.

ಮಕ್ಕಳು ಹೀಗೆ ರಟ್ಟು, ಕತ್ತರಿ, ಅಂಟು ಹರಡಿಕೊಂಡು ಕೂತಾಗ ಓದು ಹಾಳಾಯಿತೆಂದು ತಂದೆತಾಯಿಗಳು ಗದರುವುದುಂಟು. ಗದರುವ ಮೊದಲು ಪಕ್ಕದಲ್ಲಿ ಕುಳಿತು ಒಂದು ನಾಣ್ಯ ಸರಿಸಿ ನೋಡಲಿ. ಪರೀಕ್ಷೆಯಲ್ಲಿ ಸನ್ನೆಕೋಲಿನ ಲೆಕ್ಕ ತಪ್ಪಿದರೆ ಹೋಗುವುದು ಎರಡು ಅಂಕ. ರಸ್ತೆಯಲ್ಲಿ ತಪ್ಪಿದರೆ ಏನಾಗುತ್ತದೆಂದು ಆ ರಟ್ಟಿನ ಗಾಡಿ ಮಕ್ಕಳಿಗೆ ಮನೆಯ ನೆಲದ ಮೇಲೆಯೇ ತೋರಿಸಿಕೊಡುತ್ತದೆ.