‘ರಾತ್ರಿಯೆಲ್ಲ ಗಿಡ ಉಪಾಸ್ವಾ ಮಗ?’

ಆರು ನಿಮಿಷದ ಪಾಠ. ಎದುರಿಗೆ ಕೂತಿದ್ದವರು ಮಕ್ಕಳಲ್ಲ, ನನ್ನದೇ ಬಿ.ಇಡಿ. ಸಹಪಾಠಿಗಳು, ಎಂಟು ಮಂದಿ. ಅವರು ಏಳನೇ ತರಗತಿಯ ಮಕ್ಕಳಂತೆ ನಟಿಸಬೇಕು, ನಾನು ಟೀಚರಂತೆ. ಎಲೆಯ ಚಿತ್ರವಿದ್ದ ಚಾರ್ಟನ್ನು ಮೊಳೆಗೆ ತೂಗುಹಾಕಿ, ತಿರುಗಿ ನಿಂತು, ಹಿಂದಿನ ರಾತ್ರಿ ಇಪ್ಪತ್ತು ಸಲ ಬಾಯಿಪಾಠ ಮಾಡಿದ್ದ ಸಾಲನ್ನು ಹೇಳಿದೆ: ‘ಮಕ್ಕಳೇ, ಎಲೆಯೇ ಗಿಡದ ಹಡುಗೆಮನೆ.’

ಯಾರೋ ಕಿಸಕ್ಕೆಂದರು. ಆಗಿದ್ದೇನೆಂದು ಹೊಳೆದದ್ದೇ ತಡ, ಎದೆ ಡವಗುಟ್ಟತೊಡಗಿತು. ತಿದ್ದಿಕೊಳ್ಳುವ ಗಡಿಬಿಡಿಯಲ್ಲಿ ‘ಎಲೆ ಅಸಿರಾಗಿ ಕಾಣೋದಕ್ಕೆ ಕಾರಣ ಪತ್ರ ಅರಿತ್ತು’ ಎಂದೆ. ‘ಹಾಮ್ಲಜನಕ’ ಬಿಡುಗಡೆಯಾಗುವ ಹೊತ್ತಿಗೆ ಹಿಂದಿನ ಬೆಂಚಿನವನು ಡೆಸ್ಕಿಗೆ ತಲೆಯಿಟ್ಟು ಭುಜ ಕುಲುಕಿಸುತ್ತಿದ್ದ. ಆರು ನಿಮಿಷದ ಪಾಠ ನಾಲ್ಕೇ ನಿಮಿಷಕ್ಕೆ ಮುಗಿಯಿತು. ಚಾರ್ಟ್ ಸುತ್ತಿಕೊಂಡು ಬಂದು ಕೂತವಳಿಗೆ ಪಕ್ಕದಲ್ಲಿದ್ದ ಗೆಳತಿ ನೀರಿನ ಬಾಟಲಿ ಕೊಟ್ಟಳು. ಅವಳೂ ನಕ್ಕಿದ್ದಳು, ನಾನು ನೋಡಿದ್ದೆ.

ನನ್ನೂರು ಮಂಡ್ಯ ಜಿಲ್ಲೆಯ ಒಂದು ಹಳ್ಳಿ. ನಮ್ಮ ಕಡೆ ಹಾಲು ‘ಆಲು’, ಹಾವು ‘ಆವು’. ಮನೆಯಲ್ಲಿ, ಗದ್ದೆಯಲ್ಲಿ, ಬಸ್ಸಿನಲ್ಲಿ ಎಲ್ಲರೂ ಹಾಗೆಯೇ ಮಾತಾಡುವುದರಿಂದ ಅದೊಂದು ತೊಂದರೆ ಅಂತ ಅನಿಸಿದ್ದೇ ಇಲ್ಲ. ಡಿಗ್ರಿಯ ಮೂರು ವರ್ಷದಲ್ಲೂ ಅನಿಸಲಿಲ್ಲ, ಏಕೆಂದರೆ ಬಿ.ಎಸ್ಸಿ. ತರಗತಿಯಲ್ಲಿ ನಮ್ಮಿಂದ ಯಾರೂ ಮಾತಾಡಿಸುತ್ತಿರಲಿಲ್ಲ. ಪ್ರಾಕ್ಟಿಕಲ್ ವೈವಾದಲ್ಲಿ ಎರಡು ಪದ ಹೇಳಿದರೆ ಮುಗಿಯಿತು. ಬಿ.ಇಡಿ.ಗೆ ಸೇರಿದ್ದೂ ಬೋಧನೆಯ ಮೇಲಿನ ಪ್ರೀತಿಯಿಂದೇನಲ್ಲ. ಎರಡು ವರ್ಷ ಓದು, ಆಮೇಲೆ ಟಿಇಟಿ, ಆಮೇಲೆ ನೇಮಕಾತಿ ಪರೀಕ್ಷೆ, ಕೈಗೊಂದು ಸರ್ಕಾರಿ ಕೆಲಸ ಎನ್ನುವುದು ಅಪ್ಪನ ಲೆಕ್ಕ. ಆ ಲೆಕ್ಕದಲ್ಲಿ ನಲವತ್ತು ಮಕ್ಕಳೆದುರು ನಿಂತು ಬಾಯಿ ಬಿಡಬೇಕು ಅನ್ನುವುದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

ಬಿ.ಇಡಿ. ಮಾಡುತ್ತಿರುವವರಿಗೆ ಮೈಕ್ರೋ ಟೀಚಿಂಗ್ ಗೊತ್ತೇ ಇರುತ್ತದೆ. ನಮ್ಮ ಪುಸ್ತಕಗಳಲ್ಲಿ ಅದಕ್ಕೆ ಅಣುಬೋಧನೆ ಎಂದು ಹೆಸರು. 1960ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಪದ್ಧತಿ. ಇಡೀ ಪಾಠ ಮಾಡುವ ಬದಲು ಒಂದೊಂದು ಕೌಶಲವನ್ನು ಬಿಡಿಯಾಗಿ ಕಲಿಯುವುದು. ಒಂದು ದಿನ ಪ್ರಶ್ನೆ ಕೇಳುವುದು, ಇನ್ನೊಂದು ದಿನ ಕಪ್ಪುಹಲಗೆ ಬಳಸುವುದು, ಮತ್ತೊಂದು ದಿನ ವಿವರಿಸುವುದು. ನಮ್ಮಲ್ಲಿ ಬಳಕೆಯಲ್ಲಿರುವ ಮಾದರಿಯಲ್ಲಿ 6 ನಿಮಿಷ ಪಾಠ, 6 ನಿಮಿಷ ಹಿಮ್ಮಾಹಿತಿ, 12 ನಿಮಿಷ ಮರುಯೋಜನೆ, ಮತ್ತೆ 6 ನಿಮಿಷ ಪಾಠ, ಮತ್ತೆ 6 ನಿಮಿಷ ಹಿಮ್ಮಾಹಿತಿ, ಒಟ್ಟು 36 ನಿಮಿಷ. ಕೇಳಲು ಚೆನ್ನಾಗಿದೆ. ಆದರೆ ನಾಲ್ಕು ನಿಮಿಷಕ್ಕೆ ಸೋತು ಕೂತವಳು ಹನ್ನೆರಡು ನಿಮಿಷ ಬಿಟ್ಟು ಅದೇ ಎಂಟು ಮುಖಗಳ ಎದುರು ಮತ್ತೆ ನಿಲ್ಲಬೇಕಲ್ಲ! ಅವತ್ತು ತಲೆನೋವು ಎಂದು ಹೇಳಿ ತಪ್ಪಿಸಿಕೊಂಡೆ. ವೀಕ್ಷಣಾ ಹಾಳೆಯಲ್ಲಿ ಎಂಟು ಜನರಲ್ಲಿ ಏಳು ಮಂದಿ ಬರೆದಿದ್ದು ಒಂದೇ ಮಾತು: ‘ಉಚ್ಚಾರಣೆ ಸುಧಾರಿಸಬೇಕು.’

ಅಲ್ಲಿಂದ ಶುರುವಾಯಿತು ನನ್ನ ಕಳ್ಳಾಟ. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಅಪಾಯಕಾರಿ ಪದಗಳ ಪಟ್ಟಿ ಮಾಡಿದೆ. ‘ಹಸಿರು’ ಬದಲು ‘ಗ್ರೀನ್’, ‘ಹೇಗೆ’ ಬದಲು ‘ಯಾವ ರೀತಿ’, ‘ಹಗಲು’ ಬದಲು ‘ಬೆಳಗಿನ ಸಮಯ’. ತಪ್ಪಿಸಲಾಗದ ಪದ ಬಂದರೆ ಬೇಗ ಹೇಳಿ ದಾಟುವುದು. ರೂಮ್‌ಮೇಟ್ ಒಂದು ಉಪಾಯ ಹೇಳಿಕೊಟ್ಟಳು. ಅಂಗೈಯನ್ನು ಬಾಯೆದುರು ಹಿಡಿದು ಮಾತಾಡಬೇಕು, ‘ಹ’ ಅಂದರೆ ಬಿಸಿಯುಸಿರು ತಾಗುತ್ತದೆ, ‘ಅ’ ಅಂದರೆ ತಾಗುವುದಿಲ್ಲ. ಉಪಾಯ ನಿಜಕ್ಕೂ ಕೆಲಸ ಮಾಡುತ್ತದೆ. ತಿಂಗಳುಗಟ್ಟಲೆ ಹಾಸ್ಟೆಲ್ ಟೆರೇಸಿನಲ್ಲಿ ಒಣಗುವ ಬಟ್ಟೆಗಳ ನಡುವೆ ಅಂಗೈಗೆ ಪಾಠ ಮಾಡಿದ್ದೇನೆ. ಆದರೆ ಯಾರಾದರೂ ಎದುರಿಗೆ ಕೂತರೆ ಮತ್ತದೇ ‘ಹಾಮ್ಲಜನಕ’.

ಒಂದು ಮಧ್ಯಾಹ್ನ ಕನ್ನಡ ಬೋಧನಾ ವಿಧಾನದ ಮೇಡಂ ಸ್ಟಾಫ್ ರೂಮಿಗೆ ಕರೆದರು. ಅವರು ನನ್ನ ವಿಷಯದವರಲ್ಲ. ನಮ್ಮ ವಿಜ್ಞಾನದ ಸರ್ ರಜೆಯಲ್ಲಿದ್ದುದರಿಂದ ಒಂದೆರಡು ದಿನ ನಮ್ಮ ಗುಂಪನ್ನು ನೋಡಿಕೊಂಡಿದ್ದರು ಅಷ್ಟೆ. ಬೈಗುಳ ತಿನ್ನಲು ಸಿದ್ಧಳಾಗಿಯೇ ಹೋಗಿದ್ದೆ. ಅವರು ಕೇಳಿದ್ದು, ‘ಹಳಗನ್ನಡದಲ್ಲಿ ಹಾಲಿಗೆ ಏನಂತಿದ್ರು ಗೊತ್ತಾ?’

ಗೊತ್ತಿರಲಿಲ್ಲ. ‘ಪಾಲ್. ಹಾವಿಗೆ ಪಾವು, ಹಸಿರಿಗೆ ಪಸಿರು. ಕಾಲ ಕಳೆದ ಹಾಗೆ ಪಕಾರ ಹೋಗಿ ಹಕಾರ ಬಂತು. ನಿಮ್ಮೂರಿನವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಅದನ್ನೂ ಬಿಟ್ಟಿದ್ದಾರೆ. ಹಾವು ಅಂದವರನ್ನ ಪಾವು ಅನ್ನೋರು ನೋಡಿ ನಕ್ಕಿದ್ರೂ ನಕ್ಕಿರಬಹುದು, ಯಾರಿಗ್ಗೊತ್ತು? ಆದ್ರೆ ಒಂದು ಮಾತು. ಬೋರ್ಡ್ ಮೇಲೆ ಅಸಿರು ಅಂತ ಬರೆದ್ರೆ ಮಾತ್ರ ನಾನು ಬಿಡಲ್ಲ. ಮಕ್ಕಳು ಪರೀಕ್ಷೆಯಲ್ಲಿ ಬರೀಬೇಕಲ್ಲ.’

ನನಗೆ ಅಳು ಬಂತು. ಅದನ್ನು ನೋಡದವರಂತೆ ಅವರು ಒಂದು ಹಾಳೆ ಮುಂದಿಟ್ಟರು. ನನ್ನ ಪಾಠದ ವೇಳೆ ಅವರೇ ಗೀಟು ಹಾಕಿ ಲೆಕ್ಕ ಇಟ್ಟಿದ್ದರು. ಆರು ನಿಮಿಷದಲ್ಲಿ ನಾನು ಕೇಳಿದ ಪ್ರಶ್ನೆ ಹನ್ನೊಂದು, ಅದರಲ್ಲಿ ಒಂಬತ್ತಕ್ಕೆ ಉತ್ತರ ಹೇಳಿದ್ದೂ ನಾನೇ. ‘ನಿನ್ನ ತೊಂದರೆ ಹಕಾರ ಅಲ್ಲಮ್ಮ. ನೀನು ಯಾರನ್ನೂ ಮಾತಾಡೋಕೆ ಬಿಡ್ತಿಲ್ಲ.’

ಮೇರಿ ಬಡ್ ರೋ ಎಂಬ ಅಮೆರಿಕದ ಸಂಶೋಧಕಿಯ ಬಗ್ಗೆ ಓದಲು ಹೇಳಿದರು. ಆಕೆ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ಲೆಕ್ಕ ಹಾಕಿದಾಗ, ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕೆ ಕಾಯುವುದು ಸರಾಸರಿ ಒಂದು ಸೆಕೆಂಡ್ ಎಂದು ಕಂಡುಬಂತಂತೆ. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಸಾಕು, ಉತ್ತರಗಳು ಉದ್ದವಾಗುತ್ತವೆ, ಸುಮ್ಮನಿರುವ ಮಕ್ಕಳೂ ಮಾತಾಡುತ್ತಾರೆ. ಮೂರು ಸೆಕೆಂಡ್ ಏನು ಮಹಾ ಎಂದು ಅನಿಸಬಹುದು. ಒಮ್ಮೆ ನಾಲ್ಕು ಜನರೆದುರು ನಿಂತು ಪ್ರಶ್ನೆ ಕೇಳಿ, ಮನಸ್ಸಿನಲ್ಲಿ ಮೂರು ಎಣಿಸಿ ನೋಡಿ. ಎರಡಕ್ಕೇ ಬೆನ್ನು ಬೆವರುತ್ತದೆ. ನನಗಂತೂ ಮೌನ ಎಂದರೆ ಈಗ ನಗುತ್ತಾರೆ ಎನ್ನುವ ಮುನ್ಸೂಚನೆ. ಅದಕ್ಕೇ ಅದನ್ನು ಮಾತಿನಿಂದ ತುಂಬಿಸಿಬಿಡುತ್ತಿದ್ದೆ.

ಈಗ ನನ್ನ ಇನ್ನೊಂದು ತಪ್ಪನ್ನೂ ಹೇಳಿಬಿಡುತ್ತೇನೆ. ‘ಸಸ್ಯಗಳಲ್ಲಿ ಪೋಷಣೆ’ಯ ಪಾಠ ಯೋಜನೆ ನಾನು ಬರೆದದ್ದಾಗಿರಲಿಲ್ಲ. ಸೀನಿಯರ್ ಒಬ್ಬರ ರೆಕಾರ್ಡ್‌ನಿಂದ ಸಾಲಿಗೆ ಸಾಲು ಇಳಿಸಿದ್ದು. ಅವರು ಅವರ ಸೀನಿಯರ್‌ನಿಂದ ಇಳಿಸಿದ್ದಿರಬೇಕು, ‘ನಿರೀಕ್ಷಿತ ಉತ್ತರ’ದ ಕಾಲಂನಲ್ಲಿದ್ದ ಕಾಗುಣಿತದ ತಪ್ಪು ಕೂಡ ಪರಂಪರೆಯಿಂದ ಬಂದಂತಿತ್ತು. ರೆಕಾರ್ಡ್‌ಗಳ ಸಂಖ್ಯೆ ನೋಡಿದರೆ ಯಾರಾದರೂ ಹಾಗೇ ಮಾಡುತ್ತಾರೆ ಎಂದು ಆಗ ಸಮಾಧಾನ ಹೇಳಿಕೊಂಡಿದ್ದೆ. ಈಗಲೂ ಅರ್ಧ ಹಾಗೇ ಅನಿಸುತ್ತದೆ. ಬರೆಯುವುದಕ್ಕೇ ದಿನವೆಲ್ಲ ಹೋದರೆ ಯೋಚಿಸುವುದು ಯಾವಾಗ?

ಸಂಕ್ರಾಂತಿಗೆ ಊರಿಗೆ ಹೋದಾಗ ಅಜ್ಜಿ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿತ್ತು. ಪಕ್ಕದಲ್ಲಿ ಕೂತು, ಬೇರೆ ಯಾರೂ ಸಿಗದೆ, ಅಜ್ಜಿಗೇ ಪಾಠ ಶುರುಮಾಡಿದೆ. ‘ಎಲೆನೇ ಗಿಡದ ಅಡುಗೆಮನೆ ಕಣಜ್ಜಿ. ಬಿಸಿಲಲ್ಲಿ ಗಾಳಿ, ನೀರು ತಗೊಂಡು ಆಹಾರ ಮಾಡ್ಕತದೆ.’ ಅಜ್ಜಿಯ ಎದುರು ‘ಹ’ ಬಂತೋ ಬಿಟ್ಟಿತೋ ನೆನಪಿಲ್ಲ, ಆ ಯೋಚನೆಯೇ ಇರಲಿಲ್ಲ. ಅಜ್ಜಿ ಸುಲಿಯುವುದನ್ನು ನಿಲ್ಲಿಸದೆ ಕೇಳಿತು, ‘ಬಿಸ್ಲು ಇದ್ರೆ ತಾನೆ ಅಡ್ಗೆ? ಅಂಗಾರೆ ರಾತ್ರಿಯೆಲ್ಲ ಗಿಡ ಉಪಾಸ್ವಾ ಮಗ?’

ನಾನು ಬಾಯಿ ತೆರೆದೆ, ಮುಚ್ಚಿದೆ. ಬಿ.ಎಸ್ಸಿ.ಯಲ್ಲಿ ಸಸ್ಯಶಾಸ್ತ್ರ ಓದಿದವಳು ನಾನು.

ಅವತ್ತು ರಾತ್ರಿ ಹಳೆಯ ನೋಟ್ಸ್ ತೆಗೆದೆ. ಹಗಲಿನಲ್ಲಿ ತಯಾರಾದ ಸಕ್ಕರೆಯಲ್ಲಿ ಒಂದು ಪಾಲನ್ನು ಎಲೆ ಪಿಷ್ಟದ ರೂಪದಲ್ಲಿ ಎತ್ತಿಡುತ್ತದೆ, ರಾತ್ರಿ ಅದನ್ನು ಮತ್ತೆ ಸಕ್ಕರೆಯಾಗಿ ಒಡೆದು ಬಳಸುತ್ತದೆ. ಉಸಿರಾಟ ಹಗಲೂ ರಾತ್ರಿ ನಡೆದೇ ಇರುತ್ತದೆ, ಅದಕ್ಕೆ ಇಂಧನ ಬೇಕಲ್ಲ. ಇದೆಲ್ಲ ನನ್ನ ಕೈಬರಹದಲ್ಲೇ ಇತ್ತು. ಇನ್ನೂ ನಾಚಿಕೆಯಾಗಿದ್ದು ಅಯೋಡಿನ್ ಪ್ರಯೋಗ ನೆನಪಾದಾಗ. ‘ಕುಂಡದ ಗಿಡವನ್ನು ಎರಡು ಮೂರು ದಿನ ಕತ್ತಲಲ್ಲಿಡಿ’ ಎಂದು ಆ ಪ್ರಯೋಗ ಶುರುವಾಗುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ಚಿತ್ರ ಸಮೇತ ಬರೆದು ಪೂರ್ತಿ ಅಂಕ ತೆಗೆದಿದ್ದೆ. ಕತ್ತಲಲ್ಲಿ ಏಕೆ ಇಡಬೇಕು ಎಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ. ಅಜ್ಜಿ ಕೇಳಿದ್ದು ಅದನ್ನೇ. ಎತ್ತಿಟ್ಟದ್ದನ್ನು ಗಿಡ ತಿಂದು ಮುಗಿಸಲಿ ಎಂದು ಕಾಯುವುದು.

ಕಾಲೇಜಿಗೆ ವಾಪಸಾದ ಮೇಲೆ ಪಾಠ ಯೋಜನೆಯನ್ನು ಹರಿದು ಹೊಸದಾಗಿ ಬರೆಯಲು ಕೂತೆ. ಮನಿಪ್ಲಾಂಟಿನ ಕುಂಡವೊಂದನ್ನು ಹಾಸ್ಟೆಲ್ಲಿನ ಬೀರುವಿನೊಳಗೆ ಇಟ್ಟೆ. ಮೊದಲ ಸಲ ಒಂದೇ ರಾತ್ರಿ ಇಟ್ಟು, ಅವಸರದಲ್ಲಿ ಲ್ಯಾಬಿಗೆ ಒಯ್ದೆ. ಬಿಸಿನೀರಿನ ಬೀಕರಿನೊಳಗೆ ಸ್ಪಿರಿಟ್ ಇರುವ ಪ್ರನಾಳವಿಟ್ಟು ಎಲೆಯ ಹಸಿರು ಇಳಿಸಿ (ಸ್ಪಿರಿಟ್ಟನ್ನು ನೇರ ಉರಿಗೆ ಹಿಡಿದರೆ ಬೆಂಕಿ ಹತ್ತುತ್ತದೆ, ಎಚ್ಚರ) ಅಯೋಡಿನ್ ಹಾಕಿದರೆ, ಎಲೆ ಅಲ್ಲಲ್ಲಿ ನೀಲಿಗಪ್ಪು. ಉಗ್ರಾಣ ಇನ್ನೂ ಖಾಲಿಯಾಗಿರಲಿಲ್ಲ. ಮೂರು ದಿನ ಇಟ್ಟಾಗ ಎಲೆ ಅಯೋಡಿನ್‌ನ ಕಂದು ಬಣ್ಣದಲ್ಲೇ ಉಳಿಯಿತು. ಅಷ್ಟರಲ್ಲಿ ಬೀರುವಿನಲ್ಲಿದ್ದ ರೂಮ್‌ಮೇಟಿನ ಚೂಡಿದಾರಕ್ಕೆ ಮಣ್ಣು ಮೆತ್ತಿ ಅವಳು ಎರಡು ದಿನ ಮಾತು ಬಿಟ್ಟಿದ್ದಳು.

ಹೊಸ ಯೋಜನೆಯ ಪೀಠಿಕೆಯಲ್ಲಿ ಒಂದೇ ಪ್ರಶ್ನೆ ಇತ್ತು: ರಾತ್ರಿ ಗಿಡ ಏನು ಉಣ್ಣುತ್ತದೆ? ಎದುರಿನ ‘ನಿರೀಕ್ಷಿತ ಉತ್ತರ’ ಕಾಲಂ ಖಾಲಿ. ವಿಜ್ಞಾನದ ಸರ್ ಅದಕ್ಕೆ ಕೆಂಪು ಸುತ್ತು ಹಾಕಿದರು. ‘ಖಾಲಿ ಬಿಟ್ರೆ ನಾನು ಸಹಿ ಹಾಕೋ ಹಾಗಿಲ್ಲ. ಮಕ್ಕಳು ಏನೇನು ಹೇಳಬಹುದು, ತಪ್ಪು ಉತ್ತರನೂ ಸೇರಿಸಿ ಬರ್ಕೊಂಡು ಬಾ.’ ‘ಮಲಗಿರುತ್ತದೆ’, ‘ಬೇರಿನಿಂದ ತಿನ್ನುತ್ತದೆ’, ‘ಏನೂ ತಿನ್ನುವುದಿಲ್ಲ’, ‘ಬೀದಿ ದೀಪದ ಬೆಳಕು ಸಾಕು’ ಎಂದು ನಾಲ್ಕು ಬರೆದೆ. ಒಂದೊಂದಕ್ಕೂ ಮುಂದೆ ಏನು ಕೇಳಬೇಕು ಎಂದು ಯೋಚಿಸುವುದರಲ್ಲೇ ಒಂದು ಭಾನುವಾರ ಹೋಯಿತು. ಅಷ್ಟು ಹೊತ್ತು ಪಾಠದ ಬಗ್ಗೆ ಯೋಚಿಸಿದ್ದು ಅದೇ ಮೊದಲು. ಅಂಗೈ ಅಭ್ಯಾಸ ಬಿಡಲಿಲ್ಲ, ಆದರೆ ಪಟ್ಟಿ ಇದ್ದ ಕೊನೆಯ ಪುಟವನ್ನು ಹರಿದುಹಾಕಿದೆ. ‘ಹಸಿರು’ ‘ಹಸಿರೇ’ ಆಯಿತು. ಒಮ್ಮೊಮ್ಮೆ ‘ಅಸಿರೂ’ ಆಗುತ್ತದೆ.

ಎರಡು ವರ್ಷದ ಬಿ.ಇಡಿ.ಯಲ್ಲಿ ಒಟ್ಟು 20 ವಾರ ಶಾಲೆಯಲ್ಲಿರಬೇಕು. ನನಗೆ ಸಿಕ್ಕಿದ್ದು ಮೈಸೂರಿನ ಒಂದು ಶಾಲೆ. ಹತ್ತನೇ ತರಗತಿಯನ್ನು ಟ್ರೈನಿಗಳ ಕೈಗೆ ಕೊಡಲು ಶಾಲೆಯವರಿಗೆ ಧೈರ್ಯವಿರುವುದಿಲ್ಲ. ಹಾಗಾಗಿ ಏಳನೇ ತರಗತಿ ಸಿಕ್ಕಿತು. ನನಗೂ ಅದೇ ಬೇಕಿತ್ತು. ಮೊದಲ ದಿನಗಳು ಹಿಂದೆ ಕೂತು ನೋಡುವುದು. ಕೊನೆಯ ಬೆಂಚಿನ ಕಿಟಕಿ ಪಕ್ಕದಲ್ಲಿ ಒಬ್ಬಳು ಹುಡುಗಿ ಇದ್ದಳು. ಟೀಚರ್ ಏನು ಕೇಳಿದರೂ ತುಟಿ ಅಲುಗುತ್ತಿತ್ತು, ಧ್ವನಿ ಬರುತ್ತಿರಲಿಲ್ಲ. ಅವಳ ಅಪ್ಪ ಅಮ್ಮ ಹಳ್ಳಿಯಿಂದ ಕಟ್ಟಡ ಕೆಲಸಕ್ಕೆ ಬಂದವರು ಎಂದು ಆಮೇಲೆ ತಿಳಿಯಿತು.

ನನ್ನ ಸರದಿ ಬಂದ ದಿನ ಸೀರೆಯ ನೆರಿಗೆಗೆ ಆರು ಪಿನ್ನು ಚುಚ್ಚಿಕೊಂಡು ಹೋಗಿದ್ದೆ. ಸರ್ ರೆಕಾರ್ಡ್ ಹಿಡಿದು ಹಿಂದೆ ಕೂತಿದ್ದರು. ಮೇಜಿನ ಮೇಲೆ ಮನಿಪ್ಲಾಂಟ್ ಇಟ್ಟು ಕೇಳಿದೆ, ‘ಬಿಸಿಲಿದ್ದಾಗ ಅಡುಗೆ ಮಾಡೋ ಗಿಡ ರಾತ್ರಿ ಏನು ಉಣ್ಣುತ್ತೆ?’

ಒಂದು. ಎರಡು. ಮುಂದಿನ ಸಾಲಿನ ಜಾಣ ಕೈ ಎತ್ತಿದ, ಸ್ವಲ್ಪ ತಡಿ ಎಂದು ಸನ್ನೆ ಮಾಡಿದೆ. ಮೂರು. ನಾಲ್ಕು. ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ಏಳೋ ಎಂಟೋ ಎಣಿಸಿರಬೇಕು, ಕಿಟಕಿ ಪಕ್ಕದಿಂದ ದನಿ ಬಂತು.

‘ಅಗಲೊತ್ತು ಮಾಡಿ ಮಡ್ಗಿರೋ ತಂಗ್ಳ ಉಣ್ತದೆ ಮಿಸ್.’

‘ಅಗಲೊತ್ತಂತೆ!’ ಎಂದು ಇಬ್ಬರು ಮೂವರು ನಕ್ಕರು. ಹುಡುಗಿ ತಲೆ ತಗ್ಗಿಸಿದಳು. ನನ್ನ ಎದೆ ಮತ್ತೆ ಡವಗುಟ್ಟಿತು, ಈ ಸಲ ನನಗಾಗಿ ಅಲ್ಲ. ಅವಳ ಬೆಂಚಿನ ತನಕ ನಡೆದು ಹೋಗಿ, ‘ಸರಿ ಉತ್ತರ. ಇನ್ನೊಂದ್ಸಲ ಗಟ್ಟಿಯಾಗಿ ಹೇಳು, ಎಲ್ಲರಿಗೂ ಕೇಳಲಿ’ ಎಂದೆ. ಹೇಳಿದಳು. ಬೋರ್ಡಿಗೆ ಬಂದು ‘ಹಗಲು ಮಾಡಿಟ್ಟ ತಂಗಳು’ ಎಂದು ದೊಡ್ಡದಾಗಿ ಬರೆದು, ಅದರ ಕೆಳಗೆ ‘ಪಿಷ್ಟ’ ಎಂದು ಬರೆದೆ. ಆಮೇಲೆ ಅಯೋಡಿನ್ ಬಾಟಲಿ ತೆರೆದು ಅವಳನ್ನೇ ಮೇಜಿನ ಹತ್ತಿರ ಕರೆದೆ.

ಸಂಜೆ ರೆಕಾರ್ಡ್ ತೆಗೆದು ನಿರೀಕ್ಷಿತ ಉತ್ತರಗಳ ಕೆಳಗೆ ಐದನೆಯದನ್ನು ಸೇರಿಸಿದೆ, ಅವಳು ಹೇಳಿದ ಹಾಗೆಯೇ, ಹಕಾರವಿಲ್ಲದೆ. ಸರ್ ಸಹಿ ಹಾಕುತ್ತಾರೋ ಇಲ್ಲವೋ ಗೊತ್ತಿರಲಿಲ್ಲ. ಊರಿಗೆ ಫೋನ್ ಮಾಡಿ ಅಜ್ಜಿಗೂ ಹೇಳಿದೆ.

‘ತಂಗ್ಳು ತಾನೆ? ಅಷ್ಟೂ ಗೊತ್ತಾಗ್ನಿಲ್ವಾ ನಿಂಗೆ, ಅಷ್ಟೊಂದ್ ಓದಿ?’ ಎಂದಿತು ಅಜ್ಜಿ.