ಉಣಕಲ್‌ನಿಂದ ಅರ್ಧ ಗಂಟೆ

ಪ್ರಶ್ನೆ: ಹುಬ್ಬಳ್ಳಿಯ ಉಣಕಲ್‌ನಿಂದ ಹೊರಟು, ನಡಿಗೆ ಮತ್ತು ಚಿಗರಿ ಬಸ್ಸಿನಿಂದ ಅರ್ಧ ಗಂಟೆಯಲ್ಲಿ ಎಲ್ಲೆಲ್ಲಿಗೆ ತಲುಪಬಹುದೆಂಬ ನಕ್ಷೆಯನ್ನು ಕಂಪ್ಯೂಟರ್ ಹೇಗೆ ತಯಾರಿಸುತ್ತದೆ?

ಉತ್ತರ: ಮನೆಯ ಸುತ್ತ ದುಂಡಗೆ ಗೆರೆ ಎಳೆದರೆ ಆಗದು, ಉಣಕಲ್ ಕೆರೆಯ ಮೇಲೆ ಯಾರೂ ನಡೆಯಲಾರರು. ಕ್ಯೂಜಿಐಎಸ್‌ನಂಥ ತಂತ್ರಾಂಶ ಓಪನ್‌ಸ್ಟ್ರೀಟ್‌ಮ್ಯಾಪ್‌ನ ಬೀದಿಗಳನ್ನೇ ಹಿಡಿದು, ನಿಮಿಷಕ್ಕೆ ಸುಮಾರು 80 ಮೀಟರ್ ನಡಿಗೆ ಎಂದು ಲೆಕ್ಕ ಹಾಕುತ್ತದೆ. ಬಸ್ಸು ಸೇರಿದರೆ ತೊಡಕು ಹೆಚ್ಚು. ವೇಳಾಪಟ್ಟಿ ಬೇಕು, ಅದನ್ನು ಓದಲು ಓಪನ್‌ಟ್ರಿಪ್‌ಪ್ಲ್ಯಾನರ್‌ನಂಥ ಇನ್ನೊಂದು ತಂತ್ರಾಂಶವೂ ಬೇಕು. ನಿಲ್ದಾಣಕ್ಕೆ ನಡೆದದ್ದು, ಕಾದದ್ದು, ಬಸ್ಸಿನಲ್ಲಿ ಕೂತದ್ದು ಎಲ್ಲ ಕಳೆದು 10 ನಿಮಿಷ ಉಳಿಯಿತೆನ್ನಿ. ಇಳಿದ ಮೇಲೆ 800 ಮೀಟರ್ ನಿಮ್ಮದು, ಅದೂ ಓಣಿಗಳ ತಿರುವಿನಲ್ಲೇ. ಬಸ್ಸು 10 ನಿಮಿಷಕ್ಕೊಂದಿದ್ದರೆ ಕಾಯುವುದಕ್ಕೆ ಸರಾಸರಿ 5 ನಿಮಿಷ ಹಿಡಿಯಬೇಕು.

2018ರಲ್ಲಿ ಓಡಾಟ ಶುರುಮಾಡಿದ ಚಿಗರಿಗೆ ಹುಬ್ಬಳ್ಳಿ-ಧಾರವಾಡ ಅವಳಿ ನಗರಗಳ ನಡುವಿನ ಸುಮಾರು 22 ಕಿ.ಮೀ. ಮಾರ್ಗದಲ್ಲಿ ಬಹುತೇಕ ಪ್ರತ್ಯೇಕ ಪಥವಿದೆ. ಹಾಗಾಗಿ ಬಸ್ಸು ಬೇಗ ಸಾಗುತ್ತದೆ, ನಮ್ಮ ನಕ್ಷೆ ಪಿ.ಬಿ. ರಸ್ತೆಯುದ್ದಕ್ಕೂ ಪೋಣಿಸಿದ ಮಣಿಸರದಂತೆ ಬರುತ್ತದೆ: ನಿಲ್ದಾಣಗಳ ಸುತ್ತ ಉಬ್ಬು, ನಡುವೆ ಸಪೂರ. ಒಂದು ಕಿವಿಮಾತು. ಚಿಗರಿ ನಿಲ್ದಾಣಗಳು ರಸ್ತೆಯ ನಟ್ಟನಡುವೆ ಇವೆ. ದಾಟಲು ಹಿಡಿಯುವ ಹೊತ್ತನ್ನು ತಂತ್ರಾಂಶ ತಾನಾಗಿ ಊಹಿಸದು. ಎರಡು ನಿಮಿಷ ನೀವೇ ಸೇರಿಸಿ, ಅಜ್ಜ-ಅಜ್ಜಿಯರಿಗಾದರೆ ನಡಿಗೆಯ ವೇಗವನ್ನೂ ಇಳಿಸಿ.